ಊರು ಕಳೆದುಕೊಂಡ ಕಲ್ಲುಗಳು

ಮೂರು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ನಮ್ಮ ವಿಭಾಗದ ಉಗ್ರಾಣದಲ್ಲಿ ಒಂದು ತಗಡಿನ ಟ್ರಂಕು ಸಿಕ್ಕಿತು. ಮುರಿದ ಬೆಂಚುಗಳ ಹಿಂದೆ ಗೋಡೆಗೆ ಒತ್ತಿಕೊಂಡು ಕುಳಿತಿತ್ತು. ಇಬ್ಬರು ಹುಡುಗರು ಸೇರಿ ಎಳೆದರೂ ಅಲುಗಲಿಲ್ಲ. ಬೀಗವಿರಲಿಲ್ಲ. ಮುಚ್ಚಳ ಎತ್ತಿದರೆ ಒಳಗೆ ಕಲ್ಲುಗಳು. ಒಂದೊಂದನ್ನೂ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಸುತಳಿಯಿಂದ ಕಟ್ಟಿ, ತೊಟ್ಟಿಲಲ್ಲಿ ಕೂಸನ್ನು ಮಲಗಿಸಿದಷ್ಟು ಜತನದಿಂದ ಜೋಡಿಸಿಟ್ಟಿದ್ದರು. ಎಣಿಸಿದರೆ 62 ಇದ್ದವು. ಪ್ರತಿ ಕಲ್ಲಿಗೂ ಬಿಳಿ ಬಣ್ಣದ ಒಂದು ಬೊಟ್ಟು, ಬೊಟ್ಟಿನ ಮೇಲೆ ಕಪ್ಪು ಶಾಯಿಯಲ್ಲಿ ಒಂದು ಅಂಕಿ. ಆ ಕೈಬರಹ ನನಗೆ ಗೊತ್ತಿತ್ತು. ನನಗೆ ಭೂವಿಜ್ಞಾನ ಕಲಿಸಿದ ಗುರುಗಳದು. ಅವರು ತೀರಿಕೊಂಡು ಆಗ ಆರು ವರ್ಷವಾಗಿತ್ತು.

ಅಂಕಿಗಳಿದ್ದವು, ಆದರೆ ಆ ಅಂಕಿ ಯಾವ ಊರಿನದು, ಯಾವ ಹಳ್ಳದ ದಂಡೆಯದು ಎಂದು ಹೇಳುವ ನೋಟ್‌ಬುಕ್ ಇರಲಿಲ್ಲ. ಟ್ರಂಕಿನ ತಳದವರೆಗೂ ಹುಡುಕಿದೆವು. ಮರುದಿನ ಗುರುಗಳ ಮನೆಗೆ ಹೋದೆ. ಗುರುಗಳ ಪತ್ನಿ, ನಮಗೆಲ್ಲ ಅಮ್ಮ, ಕುಳ್ಳಿರಿಸಿ, ಚಹಾ ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಕಲ್ಲು ಕಾಲೇಜಿನವು ಎಂದು ಕಾಲೇಜಿಗೆ ಕಳಿಸಿದೆವು ತಂಗಿ. ಕಾಗದ ನಮ್ಮವು ಎಂದುಕೊಂಡೆವು. ಮನೆ ಬದಲಿಸುವಾಗ ರದ್ದಿಗೆ ಹಾಕಿದರು ಹುಡುಗರು.”

ಅವರದೇನೂ ತಪ್ಪಿಲ್ಲ. ಕಲ್ಲು ಮತ್ತು ಕಾಗದ ಬೇರೆ ಬೇರೆ ವಸ್ತುಗಳಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಯಾರೂ ಹೇಳಿರಲಿಲ್ಲ. ಐದು ವರ್ಷ ಭೂವಿಜ್ಞಾನ ಓದಿದ ನನಗೆ ಖನಿಜ ಗುರುತಿಸಲು ಕಲಿಸಿದರು, ಪದರದ ವಾಲು ಅಳೆಯಲು ಕಲಿಸಿದರು, ನಕ್ಷೆ ಬರೆಯಲು ಕಲಿಸಿದರು. ಅಳೆದದ್ದನ್ನು ನಾನಿಲ್ಲದಾಗ ಇನ್ನೊಬ್ಬರು ಬಳಸುವ ಹಾಗೆ ಇಡುವುದು ಹೇಗೆ ಎಂದು ಒಂದು ತಾಸೂ ಪಾಠ ಆಗಲಿಲ್ಲ. ಅದು ತಾನಾಗಿಯೇ ಬರುತ್ತದೆ ಎಂದು ಎಲ್ಲರೂ ನಂಬಿದ್ದೆವು.

ಕಲ್ಲುಗಳ ಕಾಲ ಗೊತ್ತಾಗಲೆಂದು ಸುತ್ತಿದ ಪತ್ರಿಕೆಗಳನ್ನೇ ಓದಿದೆವು. ತಾರೀಕು ಇರುವ ಮೂಲೆಗಳು ಬಹುತೇಕ ಹರಿದುಹೋಗಿದ್ದವು. ಒಂದು ಹಾಳೆಯಲ್ಲಿ ತೊಗರಿಯ ಮಾರುಕಟ್ಟೆ ಧಾರಣೆ, ಇನ್ನೊಂದರಲ್ಲಿ ಚುನಾವಣೆಯ ಸುದ್ದಿ. ಹಾಗೆ ಅಂದಾಜು ಕಟ್ಟುತ್ತಾ ಹೋದೆವು. ಗುರುಗಳ ಮೂವತ್ತು ವರ್ಷದ ತಿರುಗಾಟಕ್ಕೆ ಕೊನೆಗೆ ತೊಗರಿಯ ಧಾರಣೆಯೇ ಸಾಕ್ಷಿಯಾಯಿತಲ್ಲ ಎಂದು ಆ ದಿನ ನನಗೆ ಊಟ ಸೇರಲಿಲ್ಲ.

ಮತ್ತೆ ಹೋಗಿ ಅದೇ ಕಲ್ಲು ತಂದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ನೆಲ ಗೊತ್ತಿದ್ದವರು ಕೇಳುವುದಿಲ್ಲ. 62ರಲ್ಲಿ ಹತ್ತಿಪ್ಪತ್ತು ಕಲ್ಲುಗಳು ನೋಡಿದ ಕೂಡಲೇ ಹೇಳಬಹುದಾದ ಶಹಾಬಾದ್ ಸುಣ್ಣಕಲ್ಲು. ನಮ್ಮೆಲ್ಲರ ಮನೆಯ ನೆಲಕ್ಕೆ ಹಾಸಿರುವುದು ಅದೇ. ಬೂದು, ನೀಲಿ ಛಾಯೆಯ ಬೂದು, ನಡುವೆ ನೇರಳೆ ಗೆರೆ. ಭೀಮಾ ಕೊಳ್ಳದ ಈ ಪದರಗಳು ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ ದಾಟಿ ಯಾದಗಿರಿಯ ಕಡೆಗೆ, ಅಲ್ಲಿಂದ ತಾಳಿಕೋಟೆಯವರೆಗೂ ಚಾಚಿಕೊಂಡಿವೆ. ಅಷ್ಟು ದೊಡ್ಡ ಹರವಿನಲ್ಲಿ ಈ ಒಂದು ತುಂಡು ಎಲ್ಲಿಯದು? ವಿದ್ಯಾರ್ಥಿಯಾಗಿದ್ದಾಗ ಗುರುಗಳು ನಮ್ಮನ್ನು ಚಿತ್ತಾಪುರದ ಹತ್ತಿರ ಒಂದು ಹಳ್ಳಕ್ಕೆ ಕರೆದೊಯ್ದಿದ್ದರು. ಸುಣ್ಣಕಲ್ಲು ಮತ್ತು ಅದರ ಕೆಳಗಿನ ಜೇಡಿಕಲ್ಲು ಸೇರುವ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಟ್ರಂಕು ಸಿಕ್ಕ ತಿಂಗಳು ಆ ಜಾಗ ಹುಡುಕಿಕೊಂಡು ಹೋದೆ. ಹಳ್ಳದ ದಂಡೆ ಇರಲಿಲ್ಲ. ಅಲ್ಲೊಂದು ಕಲ್ಲಿನ ಗಣಿ, ಅದರ ತುಂಬ ಹಸಿರು ನೀರು, ಅಂಚಿನಲ್ಲಿ ಒಡೆದ ಹಾಸುಗಲ್ಲಿನ ಗುಡ್ಡೆ. ಕಲ್ಲು ಎಲ್ಲೆಲ್ಲಿಯೋ ಯಾರದೋ ಮನೆಯ ನೆಲವಾಗಿದೆ, ಸಿಮೆಂಟಾಗಿದೆ. ಅದರಿಂದ ಬದುಕಿದ ಮನೆಗಳೂ ಇವೆ, ದೂರುವುದಕ್ಕೆ ನಾನು ಯಾರೂ ಅಲ್ಲ. ಆದರೆ ಆ ಗೆರೆ ಈಗ ಗುರುಗಳ ನೋಟ್‌ಬುಕ್ಕಿನಲ್ಲಿ ಮಾತ್ರ ಉಳಿದಿರಬಹುದಿತ್ತು. ಆ ನೋಟ್‌ಬುಕ್ ರದ್ದಿಗೆ ಹೋಗಿದೆ.

ರಸಾಯನಶಾಸ್ತ್ರದವರು ಪ್ರಯೋಗವನ್ನು ನಾಳೆ ಮತ್ತೊಮ್ಮೆ ಮಾಡಬಲ್ಲರು. ನಮಗೆ ಆ ಭಾಗ್ಯವಿಲ್ಲ. ಗಣಿಯಾದ ಗುಡ್ಡ ಮತ್ತೆ ಏಳುವುದಿಲ್ಲ. 2016ರ ಬೇಸಿಗೆಯಲ್ಲಿ ಪಕ್ಕದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತಂದರು. ಆ ಬೇಸಿಗೆ ನಮ್ಮ ಆಳಂದ ತಾಲ್ಲೂಕಿನ ಬಾವಿಗಳಲ್ಲಿ ನೀರು ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಅಂದೇ ಅಳೆದಿದ್ದರೆ ಅಳೆದಂತೆ, ಇಲ್ಲವಾದರೆ ಇಲ್ಲ. ಭೂವಿಜ್ಞಾನದ ದತ್ತಾಂಶದಲ್ಲಿ ಬಹುಪಾಲು ಹೀಗೆ ಒಂದೇ ಸಲ ಸಿಗುವಂಥದ್ದು.

ಆ ವರ್ಷವೇ ನಮ್ಮ ಎಂ.ಎಸ್‌ಸಿ. ಮಕ್ಕಳಿಗೂ ಸಂಶೋಧನಾ ವಿದ್ಯಾರ್ಥಿಗಳಿಗೂ ಎರಡು ದಿನದ ತರಬೇತಿ ಶುರು ಮಾಡಿದೆ. ಮೊದಲ ಸಲ ಪರದೆಯ ಮೇಲೆ ಪಾಠ ಮಾಡಿದೆ. 2016ರಲ್ಲಿ ವಿಜ್ಞಾನಿಗಳ ಒಂದು ಗುಂಪು ಪ್ರಕಟಿಸಿದ ‘ಫೇರ್’ ಸೂತ್ರಗಳನ್ನು ವಿವರಿಸಿದೆ: ದತ್ತಾಂಶ ಹುಡುಕಿದರೆ ಸಿಗಬೇಕು, ಸಿಕ್ಕದ್ದು ಕೈಗೆ ಬರಬೇಕು, ಬೇರೆಯವರ ದತ್ತಾಂಶದ ಜೊತೆ ಹೊಂದಬೇಕು, ಇನ್ನೊಂದು ಕೆಲಸಕ್ಕೆ ಬರುವಂತಿರಬೇಕು. ಮಕ್ಕಳು ಶ್ರದ್ಧೆಯಿಂದ ಬರೆದುಕೊಂಡರು. ಪರೀಕ್ಷೆಯಲ್ಲಿ ಕೇಳಿದರೆ ನಾಲ್ಕನ್ನೂ ತಪ್ಪಿಲ್ಲದೆ ಬರೆಯುತ್ತಿದ್ದರು. ಮುಂದಿನ ಕ್ಷೇತ್ರಕಾರ್ಯದಲ್ಲಿ ಅವರ ನೋಟ್‌ಬುಕ್ ತೆರೆದು ನೋಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. “ಶಾಲೆಯ ಹಿಂದಿನ ಬಾವಿ, 9.2.” ಯಾವ ಶಾಲೆ, ಯಾವ ದಿನ, 9.2 ಎಂದರೆ ಅಡಿಯೋ ಮೀಟರೋ, ಒಂದೂ ಇಲ್ಲ.

ಕಣ್ಣು ತೆರೆಸಿದ್ದು ಒಂದು ಸೊನ್ನೆ. ನಮ್ಮ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಹಳೆಯ ದಾಖಲೆಗಳಿಂದ ಅಂತರ್ಜಲದ ಮಟ್ಟವನ್ನು ಒಟ್ಟುಗೂಡಿಸುತ್ತಿದ್ದಳು. ಒಂದು ಸಂಜೆ ಗ್ರಾಫ್ ತಂದು ತೋರಿಸಿದಳು. ಬರದ ವರ್ಷ, ಮೇ ತಿಂಗಳು, ಆರು ಬಾವಿಗಳಲ್ಲಿ ನೀರು ನೆಲದ ಮಟ್ಟಕ್ಕೆ ಬಂದು ನಿಂತಿತ್ತು. “ಮೇಡಂ, ಬೇಸಿಗೆಯಲ್ಲಿ ಬಾವಿ ತುಂಬಿ ಹರಿಯಲು ಏನಾದರೂ ಕಾರಣ ಇರಬಹುದೇ?” ಎಂದು ಕೇಳಿದಳು. ಕಾಲುವೆಯ ಸೋರಿಕೆ ಇರಬಹುದೇ ಎಂದು ಅದಾಗಲೇ ಎರಡು ಪುಟ ಬರೆದೂ ಇದ್ದಳು. ಮೂಲ ಪಟ್ಟಿ ತರಿಸಿ ನೋಡಿದೆವು. ನೀರಿನ ಆಳದ ಕಾಲಮ್ಮಿನಲ್ಲಿ ಆ ಆರು ಬಾವಿಗಳ ಮುಂದೆ 0 ಎಂದು ಬರೆದಿತ್ತು. ಅಳೆಯಲು ಹೋದವನು ಬಾವಿ ಬತ್ತಿದ್ದನ್ನು ಕಂಡು, ನೀರಿಲ್ಲ ಎಂಬ ಅರ್ಥದಲ್ಲಿ ಸೊನ್ನೆ ಹಾಕಿದ್ದ. ಆದರೆ ಆ ಕಾಲಮ್ಮು ಕೇಳುತ್ತಿದ್ದುದು ನೀರು ಎಷ್ಟಿದೆ ಎಂದಲ್ಲ, ನೆಲದಿಂದ ಎಷ್ಟು ಕೆಳಗಿದೆ ಎಂದು. ಹಾಗೆ ಕೇಳಿದಾಗ ಸೊನ್ನೆ ಎಂದರೆ ಬಾವಿ ತುಂಬಿದೆ ಎಂದರ್ಥ. ಒಂದು ಅಂಕಿಯಲ್ಲಿ ಬರವೇ ಹೊಳೆಯಾಗಿ ಹೋಗಿತ್ತು. ಆ ಪಟ್ಟಿಯನ್ನು ನಂಬಿ ಯಾರಾದರೂ ಆ ಊರುಗಳಿಗೆ ಟ್ಯಾಂಕರ್ ಬೇಡ ಎಂದಿದ್ದರೆ?

ಅಂದಿನಿಂದ ಪರದೆ ಬಿಟ್ಟು ಬಾವಿಯ ಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದೇನೆ. ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಎರೆಹೊಲದ ನಡುವೆ ಹಳೆಯ ತೆರೆದ ಬಾವಿ ಇದೆ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಬಸಾಲ್ಟ್ ಅದು. ಮೊದಲ ಸಲ ಹೋದಾಗ ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಬ್ಬರದು ಒಬ್ಬರಿಗೆ ಹೇಳದೆ, ಒಂದಾದ ಮೇಲೊಂದು ಗುಂಪು ಇದೇ ಬಾವಿಯ ನೀರಿನ ಆಳ ಅಳೆದು ಬರೆಯಿರಿ ಎಂದೆ. ಒಂದೂವರೆ ತಾಸಿನಲ್ಲಿ ನಾಲ್ಕು ಚೀಟಿ ಕೈಗೆ ಬಂದವು: 8.42, 9.18, 27.6, 8.63.

ಒಂದೇ ಬಾವಿ, ಒಂದೇ ಮುಂಜಾನೆ. ಮೊದಲಿನವರು ನೆಲದ ಮಟ್ಟದಿಂದ ಅಳೆದಿದ್ದರು. ಎರಡನೆಯವರು ಕಟ್ಟೆಯ ಮೇಲ್ತುದಿಯಿಂದ ಟೇಪು ಬಿಟ್ಟಿದ್ದರು. ಕಟ್ಟೆ ಎರಡೂವರೆ ಅಡಿ ಎತ್ತರ, ಅಂದರೆ 76 ಸೆಂಟಿಮೀಟರು, ವ್ಯತ್ಯಾಸ ಸರಿಯಾಗಿ ಅಷ್ಟೇ. ಮೂರನೆಯವರದು ಅಡಿಗಳಲ್ಲಿ, ಅದನ್ನು ಮೀಟರಿಗೆ ತಿರುಗಿಸಿದರೆ ಮೊದಲಿನವರದಕ್ಕೇ ಬರುತ್ತದೆ. ನಾಲ್ಕನೆಯ ಚೀಟಿಯ 21 ಸೆಂಟಿಮೀಟರ್ ಎಲ್ಲಿಂದ ಬಂತು? ಮಕ್ಕಳು ಟೇಪನ್ನು ದೂರಿದರು, ಒಬ್ಬರನ್ನೊಬ್ಬರು ದೂರಿದರು. ಹೊಲದ ಯಜಮಾನರು, ಎಪ್ಪತ್ತೈದು ದಾಟಿದ ಅಜ್ಜ, ಬೇವಿನ ನೆರಳಿನಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. “ಕೊನೆಯವರು ಅಳೆದದ್ದು ಕರೆಂಟು ಬಂದ ಮೇಲೆ, ತಾಯಿ. ಪಕ್ಕದ ಹೊಲದ ಮೋಟರು ಚಾಲೂ ಆಗಿತ್ತು. ನೀರು ಇಳಿಯದೆ ಏನು ಮಾಡುತ್ತದೆ?” ಎಂದರು.

ನೂರು ಪುಟದ ಪಾಠದಲ್ಲಿ ಹೇಳಲಾಗದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿದರು. ಮೂರು ಫೇಸ್ ಕರೆಂಟು ಯಾವಾಗ ಬರುತ್ತದೆ ಎಂಬುದು ನಮ್ಮ ಕಡೆ ನೀರಿನ ಮಟ್ಟದ ವಿವರದಲ್ಲಿ ಸೇರಲೇಬೇಕಾದ ಸಂಗತಿ. ಯಾವ ವಿದೇಶಿ ಕೈಪಿಡಿಯಲ್ಲಿಯೂ ನಾನು ಅದನ್ನು ಕಂಡಿಲ್ಲ. ಅಂದಿನಿಂದ ನಮ್ಮ ಕ್ಷೇತ್ರ ಹಾಳೆಯಲ್ಲಿ ಒಂದು ಸಾಲು ಹೆಚ್ಚಾಗಿದೆ: “ಅಳೆದ ಗಂಟೆ, ಈ ಬಾವಿಯ ಅಥವಾ ಅಕ್ಕಪಕ್ಕದ ಮೋಟರು ಓಡುತ್ತಿತ್ತೇ?”

ಆಮೇಲೆ ಅಜ್ಜ ಎದ್ದು ಬಂದು, “ನಿಮ್ಮ ಟೇಪು ಇರಲಿ, ನನ್ನದು ನೋಡಿರಿ” ಎಂದು ಬಾವಿಯ ಮೆಟ್ಟಿಲು ಇಳಿದರು. ಒಳಗೋಡೆಯ ಕಲ್ಲಿನ ಮೇಲೆ ಕೆಂಪು ಎಣ್ಣೆಬಣ್ಣದ ಅಡ್ಡಗೆರೆಗಳು. ಬಂಡಿಗೆ ಬಣ್ಣ ಹಚ್ಚಿ ಉಳಿದದ್ದರಲ್ಲಿ ಎಳೆದವು. ಪ್ರತಿ ವರ್ಷ ಯುಗಾದಿಯ ದಿನ ನೀರು ಎಲ್ಲಿ ನಿಂತಿದೆಯೋ ಅಲ್ಲೊಂದು ಗೆರೆ, ಗೆರೆಯ ಪಕ್ಕದಲ್ಲಿ ವರ್ಷ. ಕೆಲವು ಅಳಿಸಿಹೋಗಿದ್ದವು. ಒಂದರ ಪಕ್ಕದಲ್ಲಿ ಅಂಕಿಯ ಬದಲು ಒಡೆದ ಮನೆಯ ಚಿತ್ರವಿತ್ತು. ಅದು ಕಿಲ್ಲಾರಿ ಭೂಕಂಪದ ಮರುವರ್ಷದ ಗೆರೆ. 1993ರ ಸೆಪ್ಟೆಂಬರ್ 30ರ ಆ ನಸುಕಿನಲ್ಲಿ ಇಲ್ಲಿಯೂ ಜನ ಮನೆಬಿಟ್ಟು ಹೊರಗೆ ಓಡಿ ಬಂದಿದ್ದರು. ಎಲ್ಲಕ್ಕಿಂತ ಕೆಳಗೆ, ತಳದ ಬಂಡೆಯ ಹತ್ತಿರ, ಒಂದು ವರ್ಷದ ಎದುರು ಗೆರೆಯೇ ಇರಲಿಲ್ಲ. ಕತ್ತರಿ ಗುರುತು ಇತ್ತು. ಅದೇನೆಂದು ಕೇಳಿದೆ. “ಆ ವರ್ಷ ನೀರೇ ಇರಲಿಲ್ಲವಲ್ಲ. ಗೆರೆ ಎಳೆದರೆ ಇಲ್ಲಿ ನೀರಿತ್ತು ಎಂದು ಮೊಮ್ಮಕ್ಕಳು ತಿಳಿಯುವುದಿಲ್ಲವೇ?”

ನನ್ನ ಪಕ್ಕದಲ್ಲಿ ಆ ಸೊನ್ನೆಯ ಗ್ರಾಫ್ ತಂದಿದ್ದ ಹುಡುಗಿ ನಿಂತಿದ್ದಳು. ಏನೂ ಮಾತನಾಡದೆ ನೋಟ್‌ಬುಕ್ ತೆಗೆದು ಆ ಕತ್ತರಿ ಗುರುತನ್ನು ಬರೆದುಕೊಂಡಳು.

ಕಟ್ಟೆಯ ಆ 76 ಸೆಂಟಿಮೀಟರು ಅಷ್ಟು ದೊಡ್ಡ ವಿಷಯವೇ ಎಂದು ಮಕ್ಕಳು ಕೇಳುತ್ತಾರೆ. ಅಲ್ಲಿಯೇ ಕುಳಿತು ಲೆಕ್ಕ ಮಾಡಿಸುತ್ತೇನೆ. ಮಳೆಗೆ ಮುಂಚೆ ಒಬ್ಬರು ಕಟ್ಟೆಯಿಂದ ಅಳೆದರು, ಮಳೆಯ ನಂತರ ಇನ್ನೊಬ್ಬರು ನೆಲದಿಂದ ಅಳೆದರು ಎನ್ನೋಣ. ನೀರು ಏರದಿದ್ದರೂ ಕಾಗದದ ಮೇಲೆ 76 ಸೆಂಟಿಮೀಟರು ಏರಿತು. ಅಂತರ್ಜಲ ಎಷ್ಟು ಮರುಪೂರಣವಾಯಿತು ಎಂದು ಲೆಕ್ಕ ಹಾಕುವಾಗ ಪ್ರದೇಶದ ವಿಸ್ತೀರ್ಣ, ನೀರಿನ ಏರಿಕೆ, ಕಲ್ಲಿನಿಂದ ಬಸಿದು ಬರಬಹುದಾದ ನೀರಿನ ಪಾಲು ಮೂರನ್ನೂ ಗುಣಿಸುತ್ತೇವೆ. ಶಿಥಿಲವಾದ ಬಸಾಲ್ಟಿಗೆ ಆ ಪಾಲು ನೂರಕ್ಕೆ ಎರಡು ಎಂದು ಹಿಡಿದರೆ, ಒಂದೇ ಒಂದು ಚದರ ಕಿಲೋಮೀಟರಿಗೆ 15,200 ಘನ ಮೀಟರ್, ಅಂದರೆ ಒಂದೂವರೆ ಕೋಟಿ ಲೀಟರಿಗೂ ಹೆಚ್ಚು ನೀರು. ಇಲ್ಲದ ನೀರು. ಅದನ್ನು ನಂಬಿ ಮತ್ತೊಂದು ಕೊಳವೆಬಾವಿ ಕೊರೆಸುವವನು ಸಾಲ ತೆಗೆದಿರುತ್ತಾನೆ.

ಕಂಪ್ಯೂಟರಿನ ತಪ್ಪುಗಳ ಬಗ್ಗೆಯೂ ಹೇಳಬೇಕು, ಆದರೆ ಅವನ್ನು ಬೇಗ ದಾಟುತ್ತೇನೆ. ಡೆಕ್ಕನ್ ಬಸಾಲ್ಟಿನ ಮಾದರಿಗಳಿಗೆ ಒಬ್ಬ ಹುಡುಗ ಡಿ-ಇ-ಸಿ ಎಂಬ ಮೂರು ಇಂಗ್ಲಿಷ್ ಅಕ್ಷರ ಹಾಕಿ, ಮುಂದೆ ಅಡ್ಡಗೆರೆ ಎಳೆದು, ಒಂದರಿಂದ ನಲವತ್ತರವರೆಗೆ ಅಂಕಿ ಕೊಟ್ಟ. ಎಕ್ಸೆಲ್ ಅದನ್ನು ಡಿಸೆಂಬರ್ ಎಂದು ಓದಿತು. ಮೊದಲ 31 ಕಲ್ಲುಗಳು ಆ ವರ್ಷದ ಡಿಸೆಂಬರ್ ತಿಂಗಳ ದಿನಗಳಾದವು. ಮೂವತ್ತೆರಡನೆಯದು 1932ರ ಡಿಸೆಂಬರ್ ಆಯಿತು, ಮುಂದಿನದು 1933. ಆ ಹುಡುಗ ಎರಡು ದಿನ ಕುಳಿತು ಸರಿಪಡಿಸಿದ. ಇದೇ ತೊಂದರೆಯಿಂದ ಮನುಷ್ಯರ ಕೆಲವು ಜೀನುಗಳ ಹೆಸರನ್ನೇ 2020ರಲ್ಲಿ ಬದಲಾಯಿಸಬೇಕಾಯಿತು ಎಂದರೆ ಇದು ನಮ್ಮೊಬ್ಬರ ಪಾಡಲ್ಲ. ಈಗ ನಾವು ಆ ಕಾಲಮ್ಮನ್ನು ಮೊದಲೇ ಪಠ್ಯ ಎಂದು ಗೊತ್ತುಮಾಡಿ ಆಮೇಲೆ ತುಂಬುತ್ತೇವೆ. ಮೂಲ ಕಡತವನ್ನು ಯಾರೂ ಮುಟ್ಟದಂತೆ ಬೇರೆ ಇಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡುತ್ತೇವೆ.

ಅಕ್ಷಾಂಶ ರೇಖಾಂಶಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಸಣ್ಣ ತಪ್ಪು. ಯಾರಾದರೂ ಎರಡನ್ನೂ ಅದಲುಬದಲು ಬರೆದರೆ ಕಲಬುರಗಿಯ ಕಲ್ಲು 77 ಡಿಗ್ರಿ ಉತ್ತರಕ್ಕೆ, ಸ್ವಾಲ್ಬಾರ್ಡಿನ ಹಿಮನದಿಗಳ ನಡುವೆ ಹೋಗಿ ಕೂರುತ್ತದೆ. ನಕ್ಷೆ ತೆರೆದ ಕೂಡಲೇ ತಪ್ಪು ತಾನೇ ಕೂಗಿ ಹೇಳುತ್ತದೆ. ಆದರೆ 17 ಡಿಗ್ರಿ 20 ನಿಮಿಷ ಎಂಬುದನ್ನು 17.20 ಎಂದು ಬರೆದರೆ? ನಿಮಿಷಗಳು ಅರವತ್ತರ ಲೆಕ್ಕ, ದಶಮಾಂಶ ನೂರರ ಲೆಕ್ಕ. ನಿಜವಾದ ಬೆಲೆ 17.33. ಕಲ್ಲು ಸುಮಾರು 15 ಕಿಲೋಮೀಟರು ದಕ್ಷಿಣಕ್ಕೆ ಸರಿಯುತ್ತದೆ, ಆದರೂ ಜಿಲ್ಲೆಯೊಳಗೇ ಇರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಬಸಾಲ್ಟಿನ ಮಾದರಿ ಸುಣ್ಣಕಲ್ಲಿನ ಸೀಮೆಯಲ್ಲಿ ಇಳಿದರೂ ಅಲ್ಲೊಂದು ಹೊಸ ಸಂಶೋಧನೆ ಆಗಿಬಿಡಬಹುದು.

ಹೆಸರುಗಳದು ಇನ್ನೊಂದು ಪಾಡು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ, ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಯಾದಗಿರಿ ಬೇರೆಯಾಗುವುದಕ್ಕೂ ಮುಂಚಿನ ಪ್ರಬಂಧದಲ್ಲಿ “ಗುಲಬರ್ಗಾ ಜಿಲ್ಲೆ” ಎಂದಿದ್ದರೆ ಅದರೊಳಗೆ ಶಹಾಪುರ, ಸುರಪುರಗಳೂ ಸೇರಿರುತ್ತವೆ. ಸುರಪುರವೇ ಹಳೆಯ ಇಂಗ್ಲಿಷ್ ಬರಹಗಳಲ್ಲಿ ಶೋರಾಪುರ, ಸೇಡಂ ಕೆಲವೆಡೆ ಸೇರಂ. ಸರ್ವೆ ಆಫ್ ಇಂಡಿಯಾದ ಟೋಪೋಶೀಟಿನ, ಅಂದರೆ ನಕ್ಷೆಯ ಹಾಳೆಯ, ಸಂಖ್ಯೆ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ರಾಜ್ಯ ಬದಲಾಗಲಿ, ಜಿಲ್ಲೆ ಒಡೆಯಲಿ, ಕಲಬುರಗಿ 56 ಸಿ ಹಾಳೆಯಲ್ಲಿಯೇ, ಬೀದರ್ 56 ಜಿ ಹಾಳೆಯಲ್ಲಿಯೇ ಇರುತ್ತದೆ. ಹಳೆಯ ಹಾಳೆಗಳ ಭೂಮಾನ, ಅಂದರೆ ಅಕ್ಷಾಂಶ ರೇಖಾಂಶ ಎಣಿಸಲು ಆಧಾರವಾಗಿ ಹಿಡಿದ ಭೂಮಿಯ ಆಕಾರ, ಎವರೆಸ್ಟ್ ಪದ್ಧತಿಯದು, ಜಿಪಿಎಸ್‌ನದು ಬೇರೆ. ಯಾವುದರಲ್ಲಿ ಓದಿದಿರಿ ಎಂದು ಬರೆಯದಿದ್ದರೆ ನಮ್ಮ ಕಡೆ ಜಾಗ ಸುಮಾರು ನೂರು ಮೀಟರಿನಷ್ಟು ಆಚೀಚೆ ಆಗುತ್ತದೆ. ಒಂದು ಬಾವಿಯ ಬದಲು ಇನ್ನೊಂದು ಬಾವಿಗೆ ಹೋಗಿ ನಿಲ್ಲಲು ಅಷ್ಟು ಸಾಕು.

ಬೀದರಿನ ನೌಬಾದಿನಲ್ಲಿ ಮಾಡಿಸುವ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಅಲ್ಲಿ ಬಹಮನಿಯರ ಕಾಲದ ಸುರಂಗ ಬಾವಿ ಇದೆ. ಮೇಲಿನ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಹೀರುತ್ತದೆ, ಕೆಳಗಿನ ಬಸಾಲ್ಟ್ ಅದನ್ನು ಇನ್ನೂ ಕೆಳಗೆ ಇಳಿಯಗೊಡುವುದಿಲ್ಲ. ಎರಡೂ ಸೇರುವ ಗೆರೆಯನ್ನೇ ಹಿಡಿದು ನೆಲದೊಳಗೆ ಕಾಲುವೆ ಕೊರೆದಿದ್ದಾರೆ, ಮೇಲೆ ಸಾಲಾಗಿ ಗಾಳಿಬಾವಿಗಳು. ಮಕ್ಕಳು ತಮಗೆ ಬೇಕಾದ ಒಂದು ಜಾಗ ಆರಿಸಿ ನೋಟ್‌ಬುಕ್ಕಿನಲ್ಲಿ ವಿವರ ಬರೆಯುತ್ತಾರೆ. ಮಧ್ಯಾಹ್ನ ನೋಟ್‌ಬುಕ್ ಅದಲುಬದಲು. ಇನ್ನೊಬ್ಬರ ಬರಹ ಹಿಡಿದು, ಬರೆದವರನ್ನು ಕೇಳದೆ, ಅದೇ ಜಾಗಕ್ಕೆ ಹೋಗಿ ನಿಲ್ಲಬೇಕು. ಒಬ್ಬಳು “ಮೂರನೆಯ ಬಾವಿ” ಎಂದು ಬರೆದಿದ್ದಳು. ಯಾವ ತುದಿಯಿಂದ ಮೂರನೆಯದು? ಅವಳ ಗೆಳತಿ ಎರಡು ತಾಸು ಬಿಸಿಲಲ್ಲಿ ಅಲೆದಳು. ಹಾಗೆ ಬರೆದಿದ್ದ ಹುಡುಗಿಯ ನೋಟ್‌ಬುಕ್ ಈಗ ಎಂಥದ್ದು ಎಂದರೆ, ಅದನ್ನು ಹಿಡಿದು ಕಣ್ಣುಮುಚ್ಚಿ ಹೋಗಬಹುದು.

ಜಾಗ, ಸುತ್ತಲಿನ ಮಣ್ಣು ಇವೆಲ್ಲ ಇಷ್ಟು ಮುಖ್ಯವೇ ಎನ್ನುವವರಿಗೆ ಇಸಾಂಪುರದ ಮಾತು ಹೇಳುತ್ತೇನೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ಉತ್ಖನನ ಮಾಡಿದರು. ಸಿಕ್ಕ ಪ್ರಾಣಿಗಳ ಹಲ್ಲಿನಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷ ಎಂದು ಅಂದಾಜಾಯಿತು. ಆ ವಿಧಾನದಲ್ಲಿ ಹಲ್ಲಿನ ಹೊರಪದರ ಎಷ್ಟು ವಿಕಿರಣ ಹೀರಿಕೊಂಡಿದೆ ಎಂದು ಅಳೆಯುತ್ತಾರೆ. ಅದರ ಜೊತೆಗೆ, ಸುತ್ತಲಿನ ಮಣ್ಣು ವರ್ಷಕ್ಕೆ ಎಷ್ಟು ವಿಕಿರಣ ಕೊಡುತ್ತಿತ್ತು ಎಂಬುದೂ ಗೊತ್ತಿರಬೇಕು. ಮಣ್ಣಿನ ಲೆಕ್ಕವಿಲ್ಲದ ಹಲ್ಲು ಬರಿಯ ಹಲ್ಲು. ಯಾರಾದರೂ ಅದನ್ನು ಹೆಕ್ಕಿ, ಒರೆಸಿ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಯಾವ ಪದರದ್ದು ಎಂದು ಬರೆಯದೆ ಹೋಗಿದ್ದರೆ ಆ 12 ಲಕ್ಷ ವರ್ಷ ನಮ್ಮ ಕೈಗೆ ಬರುತ್ತಿರಲಿಲ್ಲ.

ಎಲ್ಲ ಸರಿಯಾಗಿ ಬರೆದ ಮೇಲೆ ಎಲ್ಲಿ ಇಡಬೇಕು? ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಅಂತರ್ಜಾಲ ಭಂಡಾರದಲ್ಲಿ ಸಿಗುತ್ತವೆ, ಅದೊಂದು ದೊಡ್ಡ ಉಪಕಾರ. ಆದರೆ ಪ್ರಬಂಧದ ಕೊನೆಯ ಕೋಷ್ಟಕಗಳು ಪಿಡಿಎಫ್‌ನೊಳಗೆ ಸಿಕ್ಕಿಕೊಂಡಿರುತ್ತವೆ. ನನ್ನ ವಿದ್ಯಾರ್ಥಿಗಳು ಅವನ್ನು ನೋಡಿ ನೋಡಿ ಮತ್ತೆ ಟೈಪು ಮಾಡುತ್ತಾರೆ, 3 ಹೋಗಿ 8 ಆಗುತ್ತದೆ. ಆದ್ದರಿಂದ ಅಂಕಿಗಳನ್ನು ಸರಳ ಪಠ್ಯ ಕಡತವಾಗಿ, ಜೊತೆಗೆ ಪ್ರತಿ ಕಾಲಮ್ಮಿನ ಅರ್ಥ ಹೇಳುವ ಒಂದು ಪುಟ ಸೇರಿಸಿ, ಯಾರು ಬೇಕಾದರೂ ನೋಡಬಹುದಾದ ತೆರೆದ ಅಂತರ್ಜಾಲ ಭಂಡಾರದಲ್ಲಿ ಇಡಿಸುತ್ತೇನೆ. ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ನಡೆಸುವ ಝೆನೋಡೊ ಇದೆ, ಭೂಮಿ ಮತ್ತು ಪರಿಸರದ ದತ್ತಾಂಶಕ್ಕೆಂದೇ ಜರ್ಮನಿಯ ಪಂಗಿಯಾ ಇದೆ. ಕಡತಕ್ಕೆ ಶಾಶ್ವತ ಗುರುತುಸಂಖ್ಯೆ ಸಿಗುತ್ತದೆ. ಕಲ್ಲಿಗೂ ಜಗತ್ತಿನಲ್ಲಿ ಇನ್ನೊಂದಕ್ಕಿಲ್ಲದ ಸಂಖ್ಯೆ ಕೊಡುವ ಐಜಿಎಸ್‌ಎನ್ ಎಂಬ ವ್ಯವಸ್ಥೆ ಇದೆ.

ಇಲ್ಲಿ ಪ್ರತಿ ವರ್ಷ ಒಂದು ಕೈ ಏಳುತ್ತದೆ. “ಮೇಡಂ, ನಾವು ಬಿಸಿಲಲ್ಲಿ ಅಲೆದು ತಂದದ್ದನ್ನು ಯಾರೋ ಕುಳಿತಲ್ಲೇ ತೆಗೆದುಕೊಂಡು ಪ್ರಬಂಧ ಬರೆದರೆ?” ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡ ಊರಿನ ದೊಡ್ಡ ಪ್ರಯೋಗಾಲಯದವರಿಗೆ ಇರುವ ವೇಗ ನಮ್ಮ ಮಕ್ಕಳಿಗೆ ಇಲ್ಲ. ಮೊದಲು ನಿಮ್ಮ ಪ್ರಬಂಧ ಮುಗಿಸಿರಿ, ಅಲ್ಲಿಯವರೆಗೆ ಕಡತವನ್ನು ಮುಚ್ಚಿಡುವ ಅವಕಾಶ ಆ ಭಂಡಾರಗಳಲ್ಲಿಯೇ ಇದೆ, ಆದರೆ ತೆರೆಯುವ ದಿನವನ್ನು ಇಂದೇ ಬರೆದಿಡಿರಿ ಎನ್ನುತ್ತೇನೆ. ಎಲ್ಲವನ್ನೂ ತೆರೆಯಬೇಕೆಂದೂ ಇಲ್ಲ. ರೈತರ ಹೆಸರು, ಫೋನ್ ನಂಬರ್, ಯಾರೂ ಕಾಯದ ಪ್ರಾಚೀನ ನೆಲೆಯ ಖಚಿತ ಜಾಗ, ಇವನ್ನು ಹೊರಗೆ ಹಾಕಬಾರದು. ಆದರೆ ಬಾವಿ ನಮ್ಮದಲ್ಲ, ನೀರೂ ನಮ್ಮದಲ್ಲ. ಅಳೆಯಲು ಬಿಟ್ಟವರಿಗೆ ಒಂದು ಹಾಳೆ ಕನ್ನಡದಲ್ಲಿ ಬರೆದು ಕೊಟ್ಟು ಬರುವುದು ನಮ್ಮಲ್ಲಿ ಈಗ ಕಡ್ಡಾಯ. ಅಜ್ಜ ಆ ಹಾಳೆಯನ್ನು ದೇವರ ಜಗುಲಿಯ ಪಕ್ಕದ ಮೊಳೆಗೆ ಸಿಕ್ಕಿಸಿದ್ದಾರೆ.

ತರಬೇತಿಯ ಕೊನೆಗೆ ಸನ್ನತಿಗೆ ಹೋಗುತ್ತೇವೆ. ಚಿತ್ತಾಪುರ ತಾಲ್ಲೂಕು, ಭೀಮೆಯ ದಂಡೆ. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನದ ಚಪ್ಪಡಿ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹ ಕೂರಿಸಲು ನಡುವೆ ಕೊರೆದಿದ್ದರಿಂದ ಅಕ್ಷರಗಳು ಹೋಗಿವೆ. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಅದು ಬೆಳಕಿಗೆ ಬಂತು. ಅಕ್ಷರ ಹೋಗಿದ್ದರೂ ವಿದ್ವಾಂಸರು ಓದಿದರು, ಏಕೆಂದರೆ ಅದೇ ಶಾಸನಗಳ ಪ್ರತಿಗಳು ಒಡಿಶಾದ ಧೌಲಿಯಲ್ಲಿ, ಗುಜರಾತಿನ ಗಿರ್ನಾರಿನಲ್ಲಿ, ಬೇರೆ ಬೇರೆ ಬಂಡೆಗಳ ಮೇಲೆ ಇದ್ದವು. ಒಂದು ಪೆನ್ ಡ್ರೈವ್ ನಂಬಿಕೊಂಡು ಬಂದ ಮಕ್ಕಳಿಗೆ ನಾನು ಇನ್ನೇನು ಹೇಳಲಿ? ಚಪ್ಪಡಿಯ ಮೇಲಿರುವವುಗಳಲ್ಲಿ ಒಂದು 14ನೆಯ ಶಾಸನ. ಬೇರೆಡೆ ಪೂರ್ಣವಾಗಿ ಸಿಕ್ಕಿರುವ ಅದರ ಪಾಠ ಬಹಳ ಅಪರೂಪದ್ದು. ಈ ಬರಹಗಳು ಕೆಲವೆಡೆ ಚಿಕ್ಕವು, ಕೆಲವೆಡೆ ವಿಸ್ತಾರವಾದವು, ಕೆಲವೆಡೆ ಸ್ಥಳದ ಕಾರಣದಿಂದಲೋ ಲಿಪಿಕಾರನ ತಪ್ಪಿನಿಂದಲೋ ಅಪೂರ್ಣವಾಗಿ ಬರೆದಿರಲೂಬಹುದು ಎಂದು ಅದು ಹೇಳುತ್ತದೆ. ಚಕ್ರವರ್ತಿಯ ಮಾತು ಕೆತ್ತಿದ ಕಲ್ಲೇ ತನ್ನಲ್ಲಿ ಕೊರತೆ ಇರಬಹುದು ಎಂದು ಒಪ್ಪಿಕೊಳ್ಳುತ್ತದೆ. ಆ ಚಪ್ಪಡಿಯ ಎದುರು ನಿಂತಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಕಳೆದ ವರ್ಷ ಸನ್ನತಿಯಿಂದ ಬಂದ ವಾರ, ಸೊನ್ನೆಯ ಗ್ರಾಫಿನ ಹುಡುಗಿ ತಾನಾಗಿ ಬಂದು ಟ್ರಂಕಿನ ಕಲ್ಲುಗಳಿಗೆ ಚೀಟಿ ಬರೆಯೋಣ ಎಂದಳು. ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಗುರುಗಳ ಅಚ್ಚಾದ ಎರಡು ಲೇಖನಗಳ ನಕ್ಷೆ ನೋಡಿ, ಕಲ್ಲನ್ನು ಭೂತಗನ್ನಡಿಯಲ್ಲಿ ಓದಿ, 62ರಲ್ಲಿ 11ಕ್ಕೆ ಊರು ಹುಡುಕಿದೆವು. ಉಳಿದ 51ನ್ನು ಎಸೆಯಬೇಕೇ ಎಂಬ ಮಾತು ವಿಭಾಗದಲ್ಲಿ ಬಂತು, ಜಾಗದ ಅಭಾವ. ನಾನು ಒಪ್ಪಲಿಲ್ಲ. ಅವಳು ಒಂದೊಂದಕ್ಕೂ ಚೀಟಿ ಬರೆದು ಕಟ್ಟಿದಳು. ಮೊನ್ನೆ ಒಂದನ್ನು ಬಿಚ್ಚಿ ನೋಡಿದೆ. ದುಂಡನೆಯ ಕನ್ನಡ ಅಕ್ಷರ, ಪೆನ್ಸಿಲಿನಲ್ಲಿ:

“ಕಲ್ಲಿನ ಮೇಲಿನ ಅಂಕಿ: 37. ಬೂದು ಸುಣ್ಣಕಲ್ಲು, ಒಂದು ನೇರಳೆ ಗೆರೆ. ಊರು: ತಿಳಿದಿಲ್ಲ. ಯಾರು ತಂದದ್ದು: ನಮ್ಮ ಮೇಡಂ ಅವರ ಗುರುಗಳು, ಕೈಬರಹದಿಂದ ಗುರುತು. ಯಾವಾಗ: ಸುತ್ತಿದ ಪತ್ರಿಕೆಯಲ್ಲಿ ತೊಗರಿಯ ಧಾರಣೆ ಇದೆ, ಪತ್ರಿಕೆಯನ್ನು ಜೊತೆಗೇ ಇಟ್ಟಿದೆ. ಈ ಚೀಟಿ ಬರೆದದ್ದು ಕಲ್ಲು ತಂದ ಬಹಳ ವರ್ಷಗಳ ಮೇಲೆ. ತಪ್ಪಿದ್ದರೆ ತಿದ್ದಿರಿ, ಆದರೆ ಇದನ್ನು ಅಳಿಸದೆ ಕೆಳಗೆ ಬರೆಯಿರಿ.”

ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದಳು.